ಬಸ್ ಎಲ್ಲಿದೆ ಅಂತ ಕೇಳೋದಕ್ಕೂ ಮೀಟರ್: ಸಾರಿಗೆ ಮಾಹಿತಿಗೆ ಕಾಲ್ ಲೆಕ್ಕದಲ್ಲಿ ದುಡ್ಡು ಕೇಳೋದು ಸರಿನಾ?

ಸ್ಟಾಪ್‌ನಲ್ಲಿ_ಸೀನ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮೂರು ವರ್ಷದ ಹಿಂದೆ ಅಮ್ಮನಿಗೋಸ್ಕರ ಒಂದು ಪುಟ್ಟ ಆ್ಯಪ್ ಮಾಡಿದ್ದೆ. ಅಮ್ಮನ ಕಣ್ಣು ಅಷ್ಟಕ್ಕಷ್ಟೇ. ದೊಡ್ಡ ಕನ್ನಡ ಅಕ್ಷರ, ಒಂದೇ ಬಟನ್. ಒತ್ತಿದರೆ "ನಿಮ್ಮ ಬಸ್ಸು ಇನ್ನು ಏಳು ನಿಮಿಷಕ್ಕೆ ಬರುತ್ತದೆ" ಅಂತ ಹೇಳುತ್ತದೆ. ಬೇರೇನೂ ಇಲ್ಲ. ಪಕ್ಕದ ಮನೆಯವರು ಕೇಳಿದರು, ಅವರ ತಂಗಿ ಕೇಳಿದರು, ಹಾಗೇ ಬೆಳೆದು ಈಗ ದಿನಕ್ಕೆ ಸುಮಾರು 4,000 ಜನ ಬಳಸುತ್ತಾರೆ. ಜಾಹೀರಾತು ಹಾಕಿಲ್ಲ. "ಒಂದು ಕಾಫಿ ಕೊಡಿಸಿ" ಅಂತ ಯುಪಿಐ ಕ್ಯೂಆರ್ ಇಟ್ಟಿದ್ದೇನೆ. ಕಳೆದ ತಿಂಗಳು 2,300 ರೂಪಾಯಿ ಬಂತು.

ಬಸ್ಸಿನ ಲೈವ್ ಮಾಹಿತಿ ಒಂದು ಖಾಸಗಿ ಕಂಪನಿಯಿಂದ ತಗೊಳ್ತೇನೆ. ಹೆಸರು, ಊರು ಬೇಡ. ಇಷ್ಟು ದಿನ ಪುಕ್ಕಟೆ ಇತ್ತು. ಮೊನ್ನೆ ಮೇಲ್ ಬಂತು. ಮುಂದಿನ ತಿಂಗಳಿಂದ ತಿಂಗಳಿಗೆ ಒಂದು ಲಕ್ಷ ಎಪಿಐ ಕಾಲ್ (ನನ್ನ ಆ್ಯಪ್ ಅವರ ಸರ್ವರ್‌ನ ಒಂದು ಸಲ ಕೇಳಿದರೆ ಒಂದು ಕಾಲ್) ಉಚಿತ, ಆಮೇಲೆ ಪ್ರತಿ ಸಾವಿರ ಕಾಲ್‌ಗೆ 15 ರೂಪಾಯಿ.

ಕೂತು ಲೆಕ್ಕ ಹಾಕಿದೆ. 4,000 ಜನ, ಒಬ್ಬೊಬ್ಬರು ದಿನಕ್ಕೆ ಆರು ಸಲ ತೆಗೆಯುತ್ತಾರೆ. ತೆಗೆದಾಗ ಮೂರು ನಿಮಿಷ ನೋಡುತ್ತಾರೆ, 20 ಸೆಕೆಂಡಿಗೊಮ್ಮೆ ಕೇಳಿದರೆ ಒಂಬತ್ತು ಕಾಲ್. ದಿನಕ್ಕೆ 2,16,000. ತಿಂಗಳಿಗೆ 64,80,000. ಉಚಿತ ಲಕ್ಷ ಕಳೆದರೆ ಬಿಲ್ 95,700 ರೂಪಾಯಿ.

ನನ್ನ ಪ್ರಶ್ನೆ ಎರಡು. ಒಂದು, ನಾನೇನು ಮಾಡಲಿ? ಎರಡು, ಸಾರ್ವಜನಿಕರ ದುಡ್ಡಿನಲ್ಲಿ ಓಡೋ ಬಸ್ಸು ಎಲ್ಲಿದೆ ಅಂತ ಹೇಳೋದಕ್ಕೆ ಹೀಗೆ ಮೀಟರ್ ಹಾಕೋದು ನ್ಯಾಯವಾ?

---

ರಾಗಿಮುದ್ದೆ_404

ಸೀನಣ್ಣ, 95 ಸಾವಿರಕ್ಕೆ ಸ್ಕೂಟರ್ ಬರುತ್ತೆ. ಅಮ್ಮನ್ನ ನೀವೇ ಬಿಟ್ಟು ಬನ್ನಿ.

---

ಸರ್ವರ್_ಸಾವಿತ್ರಿ

ಮೊದಲು ಒಂದು ಮಾತು. ನಿಮ್ಮ ಲೆಕ್ಕ ನೋಡಿದರೆ ಪ್ರತಿ ಫೋನೂ ನೇರವಾಗಿ ಆ ಕಂಪನಿಯ ಸರ್ವರ್‌ಗೆ ಹೋಗ್ತಿದೆ. ಅಂದರೆ ಎಪಿಐ ಕೀ, ಕಂಪನಿ ನಿಮಗೆ ಕೊಟ್ಟ ಗುಪ್ತ ಸಂಕೇತ, ಆ್ಯಪ್ ಒಳಗೇ ಇದೆ! ಯಾರಾದರೂ ಅದನ್ನ ಬಿಚ್ಚಿ ತಗೊಂಡರೆ ಅವರ ಬಿಲ್ಲೂ ನಿಮ್ಮ ತಲೆ ಮೇಲೆ. ಇವತ್ತು ರಾತ್ರಿಯೇ ಅದನ್ನ ತೆಗೀರಿ.

ಎರಡನೇದು. ಮಧ್ಯದಲ್ಲಿ ನಿಮ್ಮದೇ ಒಂದು ಸಣ್ಣ ಸರ್ವರ್ ಇಡಿ. ಅದು 30 ಸೆಕೆಂಡಿಗೊಮ್ಮೆ ಒಂದು ಸಲ ಫೀಡ್, ಅಂದರೆ ಎಲ್ಲ ಬಸ್ಸುಗಳ ಲೈವ್ ಮಾಹಿತಿ, ತಂದು ಇಟ್ಟುಕೊಳ್ಳಲಿ, 4,000 ಜನಕ್ಕೂ ಅದನ್ನೇ ಬಡಿಸಿ. ದಿನಕ್ಕೆ 2,880 ಕಾಲ್, ತಿಂಗಳಿಗೆ 86,400. ನಿಮ್ಮ ಉಚಿತ ಲಕ್ಷದೊಳಗೇ ಮುಗೀತು. ಬಳಸೋರು ನಾಲ್ಕು ಸಾವಿರ ಆದರೂ ಅಷ್ಟೇ, ನಲವತ್ತು ಸಾವಿರ ಆದರೂ ಅಷ್ಟೇ.

---

ಸ್ಟಾಪ್‌ನಲ್ಲಿ_ಸೀನ

ಕೀ ವಿಷಯ ಒಪ್ಪಿದೆ, ನಾಚಿಕೆ ಆಯ್ತು. ಆದರೆ ಮೇಡಂ, ಅವರು ಪೂರ್ತಿ ಫೀಡ್ ಕೊಡಲ್ಲ. ಒಂದು ಸ್ಟಾಪ್ ನಂಬರ್ ಕೊಟ್ಟರೆ ಆ ಸ್ಟಾಪ್‌ಗೆ ಬರೋ ಬಸ್ಸು ಮಾತ್ರ ಹೇಳ್ತಾರೆ. ನನ್ನ ಆ್ಯಪ್‌ನಲ್ಲಿ 1,900 ಸ್ಟಾಪ್ ಇವೆ.

---

ಲೆಕ್ಕದ_ಮೇಷ್ಟ್ರು

ಹಾಗಾದರೆ ಸಾವಿತ್ರಿಯವರ ಉಪಾಯ ತಿರುಗಿ ಹೊಡೆಯುತ್ತೆ. 1,900 ಸ್ಟಾಪ್, ಪ್ರತಿಯೊಂದನ್ನೂ 30 ಸೆಕೆಂಡಿಗೊಮ್ಮೆ ಕೇಳಿದರೆ ದಿನಕ್ಕೆ 54,72,000 ಕಾಲ್. ಈಗಿರೋದರ 25 ಪಟ್ಟು. ಬಿಲ್ ಬಂದ ದಿನ ಸ್ಕೂಟರ್ ಅಲ್ಲ, ಮನೆ ಪತ್ರ ಹುಡುಕಬೇಕು.

---

ಸರ್ವರ್_ಸಾವಿತ್ರಿ

ಮೇಷ್ಟ್ರೇ, ಖಾಲಿ ಸ್ಟಾಪ್ ಯಾಕೆ ಕೇಳ್ತೀರಿ? ಯಾರಾದರೂ ನೋಡ್ತಿದ್ದರೆ ಮಾತ್ರ ಕೇಳೋದು. ಒಂದೇ ಸ್ಟಾಪ್‌ನಲ್ಲಿ ಹತ್ತು ಜನ ನಿಂತು ನೋಡ್ತಿದ್ದರೆ ಹತ್ತಕ್ಕೂ ಒಂದೇ ಕಾಲ್ ಸಾಕು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ಹೆಚ್ಚುಕಮ್ಮಿ ಸೊನ್ನೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಎಪಿಐ ಹೇಗೆ ಕಟ್ಟಬೇಕು ಅಂತ ತೀರ್ಮಾನ ಮಾಡೋದು ಮಾರೋನು. ಮೀಟರ್ ಹಾಕೋದೂ ಅವನೇ. ಪೂರ್ತಿ ಊರಿನ ಬಸ್ಸುಗಳು ಎಲ್ಲಿವೆ ಅನ್ನೋದು ಒಂದೇ ಸಣ್ಣ ಫೈಲು. ಅದನ್ನ ಚೂರು ಚೂರು ಮಾಡಿ ಚೂರಿನ ಲೆಕ್ಕದಲ್ಲಿ ಮಾರೋದು ಅಂದರೆ ಪೇಪರನ್ನ ಸಾಲಿಗೆ ಇಷ್ಟು ಅಂತ ಮಾರಿದ ಹಾಗೆ.

---

ಮಲ್ಲೇಶ್ವರದ_ಮೂರ್ತಿ

ಎಲ್ಲರೂ ಕಂಪನಿಗೆ ಬೈತಾ ಇದ್ದೀರಿ. ನಾನು ಅವರ ಪರ ಒಂದೆರಡು ಮಾತು ಆಡ್ತೀನಿ, ಕಲ್ಲು ಹೊಡೀಬೇಡಿ.

ಬಸ್ಸಿಗೆ ಜಿಪಿಎಸ್ ಪೆಟ್ಟಿಗೆ ಬೇಕು, ಅದಕ್ಕೊಂದು ಸಿಮ್ ಬೇಕು, ಪ್ರತಿ ಸಿಮ್‌ಗೂ ತಿಂಗಳ ಬಾಡಿಗೆ. ಪೆಟ್ಟಿಗೆ ಕೆಟ್ಟರೆ ಡಿಪೋಗೆ ಹೋಗಿ ರಿಪೇರಿ ಮಾಡೋ ಹುಡುಗ ಬೇಕು. ಬಂದ ಡೇಟಾ ತೊಳೆದು, ಇದು ಯಾವ ರೂಟು, ಎಷ್ಟು ತಡ ಅಂತ ಲೆಕ್ಕ ಹಾಕೋ ಸರ್ವರ್ ಬೇಕು. ಇದೆಲ್ಲ ಯಾರ ತಾತನ ಮನೆಯಿಂದ ಬರುತ್ತೆ? ಕರೆಂಟು ಯೂನಿಟ್ ಲೆಕ್ಕ, ನೀರು ಲೀಟರ್ ಲೆಕ್ಕ, ಆಟೋ ಕಿಲೋಮೀಟರ್ ಲೆಕ್ಕ. ಜಾಸ್ತಿ ಬಳಸಿದವನು ಜಾಸ್ತಿ ಕೊಡಲಿ ಅನ್ನೋದರಲ್ಲಿ ಏನು ಅನ್ಯಾಯ?

---

ಡಬ್ಬಿಂಗ್_ದಾಸಪ್ಪ

ಆಟೋ ಮೀಟರ್ ಲೆಕ್ಕದಲ್ಲಿ ಬರುತ್ತೆ ಅಂದ್ರಲ್ಲ, ಯಾವ ಊರು ಸ್ವಾಮಿ ನಿಮ್ಮದು? ನಾನೂ ಅಲ್ಲಿಗೇ ಮನೆ ಬದಲಾಯಿಸ್ತೀನಿ.

---

ಸರ್ವರ್_ಸಾವಿತ್ರಿ

ಮೂರ್ತಿಗಳೇ, ನೀವು ಕುಡಿದ ಲೋಟ ನೀರು ಮುಗಿದುಹೋಗುತ್ತೆ, ನನಗೆ ಸಿಗಲ್ಲ. ಬಸ್ಸು ಎಲ್ಲಿದೆ ಅಂತ ನಾನು ಓದಿದರೆ ನಿಮಗೇನೂ ಕಮ್ಮಿ ಆಗಲ್ಲ.

ಇನ್ನೊಂದು, ಆ ಪೆಟ್ಟಿಗೆ ಸೀನ ಅವರ ಆ್ಯಪ್‌ಗೋಸ್ಕರ ಹಾಕಿದ್ದಲ್ಲ. ಎಐಎಸ್ 140 ಅಂತ ನಿಯಮ ಇದೆ. 2019ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ಟ್ರ್ಯಾಕಿಂಗ್ ಸಾಧನ, ತುರ್ತು ಬಟನ್ ಹಾಕಲೇಬೇಕು. ಡಿಪೋದವರಿಗೂ ಬಸ್ಸು ಎಲ್ಲಿದೆ ಅಂತ ಗೊತ್ತಾಗಬೇಕು. ಆ ಖರ್ಚು ಹೇಗಿದ್ದರೂ ಆಗೋದೇ. ಒಬ್ಬ ಡೆವಲಪರ್ ಜಾಸ್ತಿ ಆದರೆ ಜಾಸ್ತಿ ಆಗೋ ಖರ್ಚು ಎಷ್ಟು? ಅಷ್ಟಕ್ಕೆ ಮೀಟರ್ ಹಾಕಿ, ನಾನೇ ಕೊಡ್ತೀನಿ.

---

ಲಂಡನ್_ಲಕ್ಷ್ಮಿ

ಇಲ್ಲಿ ಹೇಗಿದೆ ಅಂತ ಹೇಳ್ತೀನಿ. ಟಿಎಫ್‌ಎಲ್, ಅಂದರೆ ಲಂಡನ್ನಿನ ಸಾರಿಗೆ ಸಂಸ್ಥೆ, ಎಪಿಐಗೆ ದುಡ್ಡು ತಗೊಳ್ಳಲ್ಲ. ಹೆಸರು ನೋಂದಾಯಿಸಿ ಕೀ ತಗೊಂಡರೆ ನಿಮಿಷಕ್ಕೆ 500 ರಿಕ್ವೆಸ್ಟ್. ಮಾಹಿತಿ ಅವರದು ಅಂತ ಆ್ಯಪ್‌ನಲ್ಲಿ ಹಾಕಬೇಕು, ಅಷ್ಟೇ. 2017ರಲ್ಲಿ ಡೆಲಾಯ್ಟ್ ಅನ್ನೋ ಸಲಹಾ ಕಂಪನಿಯವರು ಲೆಕ್ಕ ಹಾಕಿದ್ದರು. ಈ ಡೇಟಾದಿಂದ ನಡೆಯೋ ಆ್ಯಪ್‌ಗಳು 600ಕ್ಕೂ ಜಾಸ್ತಿ. ಜನರ ಸಮಯ ಉಳಿತಾಯ, ಹೊಸ ವ್ಯಾಪಾರ ಎಲ್ಲ ಸೇರಿ ವರ್ಷಕ್ಕೆ 13 ಕೋಟಿ ಪೌಂಡ್‌ವರೆಗೂ ಲಾಭ ಅಂತ. ಆ ದುಡ್ಡು ಟಿಎಫ್‌ಎಲ್ ಗಲ್ಲಾಪೆಟ್ಟಿಗೆಗೆ ಪೂರ್ತಿ ಬರಲ್ಲ ನಿಜ, ಊರಿಗೆ ಬರುತ್ತೆ.

ಮಿತಿ ಬೇರೆ, ಮೀಟರ್ ಬೇರೆ. ಮಿತಿ ಮೀರಿದರೆ ಆ್ಯಪ್ ಒಂದು ನಿಮಿಷ ನಿಲ್ಲುತ್ತೆ. ಮೀಟರ್ ಇದ್ದರೆ ಆ್ಯಪ್ ಓಡುತ್ತಾ ಇರುತ್ತೆ, ನಿಮ್ಮ ಎದೆ ನಿಲ್ಲುತ್ತೆ.

---

ನಿದ್ದೆಗೆಟ್ಟ_ನಾಗ

ಲಕ್ಷ್ಮಿ ಅಕ್ಕ ಹೇಳಿದ್ದು ನನಗೆ ಆಗಿದೆ. ಬಸ್ಸಿನದಲ್ಲ, ಮ್ಯಾಪ್ ಸೇವೆದು. ಶುಕ್ರವಾರ ಸಂಜೆ ಕೋಡ್ ಹಾಕಿ ಊರಿಗೆ ಹೋದೆ. ಉತ್ತರ ಬರದಿದ್ದರೆ ಮತ್ತೆ ಕೇಳು ಅಂತ ಬರೆದಿದ್ದೆ, ಎಷ್ಟು ಸಲ ಕೇಳಬೇಕು ಅಂತ ಬರೆದಿರಲಿಲ್ಲ. ಅದು ಶನಿವಾರ, ಭಾನುವಾರ ಎರಡು ದಿನ ಕೇಳ್ತಾನೇ ಇತ್ತು. ನಾನು ತೋಟದಲ್ಲಿ ಅಡಿಕೆ ಹೆಕ್ಕುತ್ತಾ ಇದ್ದೆ. ಸೋಮವಾರ 38 ಸಾವಿರ ಬಿಲ್. ಅಳುತ್ತಾ ಮೇಲ್ ಬರೆದೆ, ಅರ್ಧ ಬಿಟ್ಟರು. ಉಳಿದರ್ಧ ಅಪ್ಪನ ಅಡಿಕೆ ದುಡ್ಡು.

ಸೀನ ಅವರೇ, ಮೀಟರ್ ಒಪ್ಪಿಕೊಂಡರೂ ಮೊದಲು ದಿನದ ಗರಿಷ್ಠ ಮಿತಿ ಇಡೋಕೆ ಆಗುತ್ತಾ ಕೇಳಿ. ಬರೀ ಎಚ್ಚರಿಕೆ ಮೇಲ್ ಬೇಡ. ತಾನಾಗೇ ಬಂದ್ ಆಗಬೇಕು.

---

ಹಳೇ_ಕೋಡು

ಗೂಗಲ್ ಮ್ಯಾಪ್ಸ್ 2018ರಲ್ಲಿ ಇದೇ ಆಟ ಆಡಿತ್ತು, ನೆನಪಿದೆಯಾ? ಮುಂಚೆ ದಿನಕ್ಕೆ 25,000 ಸಲ ಮ್ಯಾಪ್ ಪುಕ್ಕಟೆ. ಆಮೇಲೆ ತಿಂಗಳಿಗೆ 200 ಡಾಲರ್ ಕ್ರೆಡಿಟ್, ಅದು ಮುಗಿದರೆ ಮೀಟರ್. ಸಣ್ಣಪುಟ್ಟ ಸೈಟುಗಳೆಲ್ಲ ಜನರೇ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಕಡೆ ಓಡಿದವು. 2024ರಲ್ಲಿ ಓಲಾ ತನ್ನದೇ ಮ್ಯಾಪ್‌ಗೆ ಹೋಯ್ತು. ಅದೇ ಆಗಸ್ಟ್‌ನಿಂದ ಭಾರತಕ್ಕೆ ಮಾತ್ರ ಗೂಗಲ್ ದರ 70 ಪರ್ಸೆಂಟ್‌ವರೆಗೆ ಇಳೀತು. ಪೈಪೋಟಿ ಇದ್ದರೆ ಮೀಟರ್ ತಾನಾಗೇ ನಿಧಾನ ಆಗುತ್ತೆ. ಆದರೆ ಒಂದು ಊರಿನ ಬಸ್ ಡೇಟಾಗೆ ಪೈಪೋಟಿ ಎಲ್ಲಿಂದ ಬರಬೇಕು? ಬಸ್ಸು ಒಬ್ಬರದೇ.

---

ರಾಗಿಮುದ್ದೆ_404

ಎಲ್ಲ ಗೂಗಲ್ ಮಹಿಮೆ. ಬಸ್ ವೇಳಾಪಟ್ಟಿ ಹಂಚೋಕೆ ಬಳಸೋ ಜಿಟಿಎಫ್‌ಎಸ್ ಅನ್ನೋ ಫಾರ್ಮ್ಯಾಟೂ ಅವರದೇ ಅಲ್ವಾ?

---

ಹಳೇ_ಕೋಡು

ಅರ್ಧ ಸರಿ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಶುರು ಮಾಡಿದ್ದು. ಮೊದಲು ಜಿ ಅಂದರೆ ಗೂಗಲ್, ಆಮೇಲೆ ಜನರಲ್ ಅಂತ ಬದಲಾಯಿಸಿದರು. ಯಾರು ಬೇಕಾದರೂ ಬಳಸಬಹುದು. ಒಂದು ಜಿಪ್ ಫೈಲು, ಒಳಗೆ ಸ್ಟಾಪು, ರೂಟು, ಟ್ರಿಪ್ಪು, ಟೈಮಿಂಗು. ಎಕ್ಸೆಲ್‌ನಲ್ಲೇ ತೆಗೆದು ನೋಡಬಹುದು. ಲೈವ್ ಮಾಹಿತಿಗೆ ಜಿಟಿಎಫ್‌ಎಸ್ ರಿಯಲ್‌ಟೈಮ್ ಅಂತ 2011ರಲ್ಲಿ ಬಂತು.

ಈ ಎರಡನ್ನ ಸೇರಿಸಿ ಮಾತಾಡಬಾರದು ಅಂತ ನನ್ನ ಅಭಿಪ್ರಾಯ. ವೇಳಾಪಟ್ಟಿಗೆ ಮೀಟರ್ ಹಾಕಿದರೆ ಅದು ಶುದ್ಧ ದರೋಡೆ. ತಿಂಗಳಿಗೊಮ್ಮೆ ಬದಲಾಗೋ ಫೈಲು, ಎಲ್ಲಾದರೂ ಒಂದು ಕಡೆ ಇಟ್ಟರೆ ಮುಗೀತು. ಲೈವ್‌ಗೆ ಖರ್ಚಿದೆ, ಅದಕ್ಕೆ ಕೇಳಲಿ.

---

ಎಡಿಸನ್_ಭಟ್ರು

ನಾನಿರೋದು ನ್ಯೂಜೆರ್ಸಿ, ಕೆಲಸ ನ್ಯೂಯಾರ್ಕ್. ಅಲ್ಲಿನ ಸಾರಿಗೆ ಸಂಸ್ಥೆ ಎಂಟಿಎ ಈಗ ಓಪನ್ ಡೇಟಾ ಅಂತ ಎದೆ ತಟ್ಟಿಕೊಳ್ಳುತ್ತೆ. 2009ರಲ್ಲಿ ಹಾಗಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನ ಐಫೋನ್ ಆ್ಯಪ್‌ನಲ್ಲಿ ಹಾಕಿದ ಒಬ್ಬ ಡೆವಲಪರ್ ಹತ್ತಿರ ರಾಯಲ್ಟಿ ಕೇಳಿದರು. ವೇಳಾಪಟ್ಟಿಗೆ ರಾಯಲ್ಟಿ! ಪತ್ರಿಕೆಯಲ್ಲೆಲ್ಲ ಬಂದು ಮಾನ ಹೋಯ್ತು. ಮರುವರ್ಷ ತಾವೇ ಡೇಟಾ ಬಿಡುಗಡೆ ಮಾಡಿದರು. ಈಗ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೋ ರೈಲಿನ, ಲೈವ್ ಫೀಡ್‌ಗೆ ಕೀ ಕೂಡ ಬೇಡ. ಎ ಸಿ ಇ ಒಂದು ಫೈಲು, ಬಿ ಡಿ ಎಫ್ ಎಂ ಒಂದು ಫೈಲು, ಹೀಗೆ ಲೈನುಗಳ ಗುಂಪಿಗೊಂದು. ಸಾವಿತ್ರಿಯವರು ಹೇಳಿದ ಪೂರ್ತಿ ಪೇಪರ್ ಇದೇ.

---

ಸಿಂಗಾಪುರ_ಸುಬ್ಬಿ

ಪೂರ್ತಿ ಫೈಲೇ ಬೇಕು ಅಂತೇನಿಲ್ಲ. ನಮ್ಮಲ್ಲಿ ಸಾರಿಗೆ ಪ್ರಾಧಿಕಾರ ಎಲ್‌ಟಿಎಯ ಡೇಟಾಮಾಲ್ ಅನ್ನೋ ತಾಣದಲ್ಲಿ ಬಸ್ ಬರೋ ಸಮಯ ಸ್ಟಾಪ್ ಲೆಕ್ಕದಲ್ಲೇ ಕೇಳಬೇಕು. 20 ಸೆಕೆಂಡಿಗೊಮ್ಮೆ ಹೊಸದಾಗುತ್ತೆ. ದುಡ್ಡಿಲ್ಲ. ಅಂದರೆ ಸೀನ ಅವರ ತೊಂದರೆ ಸ್ಟಾಪ್ ಲೆಕ್ಕದ್ದಲ್ಲ, ಸ್ಟಾಪ್ ಲೆಕ್ಕ ಮತ್ತು ಮೀಟರ್ ಎರಡೂ ಸೇರಿದ್ದು.

---

ಮಲ್ಲೇಶ್ವರದ_ಮೂರ್ತಿ

ಲಂಡನ್, ನ್ಯೂಯಾರ್ಕ್, ಸಿಂಗಾಪುರ. ಟಿಕೆಟ್ ದರ ಎಷ್ಟು ಅಲ್ಲಿ? ಆ ಟಿಕೆಟ್‌ನಲ್ಲಿ ಡೇಟಾ ಖರ್ಚೂ ಬರುತ್ತೆ. ನಮ್ಮೂರ ಹೋಲಿಕೆ ಕೊಡಿ.

---

ದಿಲ್ಲಿ_ಚಳಿ

ತಗೊಳ್ಳಿ ಮೂರ್ತಿಗಳೇ, ನಮ್ಮ ದೇಶದ್ದೇ. ದಿಲ್ಲಿ ಸರ್ಕಾರ ಐಐಐಟಿ ದಿಲ್ಲಿ ಜೊತೆ ಸೇರಿ 2018ರಲ್ಲಿ ಓಪನ್ ಟ್ರಾನ್ಸಿಟ್ ಡೇಟಾ ಶುರು ಮಾಡಿತು. ಹೆಸರು ಕೊಟ್ಟು ಕೀ ತಗೊಂಡರೆ ಬಸ್ಸುಗಳ ಲೈವ್ ಜಾಗ ಒಂದೇ ಫೈಲಿನಲ್ಲಿ, ಪುಕ್ಕಟೆ. ಅದೇ ವರ್ಷ ಕೊಚ್ಚಿ ಮೆಟ್ರೋ ಕೂಡ ತನ್ನ ವೇಳಾಪಟ್ಟಿ ಡೇಟಾ ಬಿಟ್ಟಿತು, ದೇಶದ ಮೆಟ್ರೋಗಳಲ್ಲಿ ಮೊದಲನೇದು. ಇಲ್ಲಿನ ಬಸ್ ಟಿಕೆಟ್ ಅಗ್ಗವೇ. ಟಿಕೆಟ್ ದರದ ಕಥೆ ನಡೆಯಲ್ಲ.

---

ಮೈಸೂರ್_ಮಲ್ಲಿಗೆಹೂ

ನಮ್ಮ ಮೈಸೂರನ್ನ ಯಾರೂ ನೆನೆಯಲಿಲ್ಲ! 2012ರಲ್ಲೇ ಕೆಎಸ್ಆರ್‌ಟಿಸಿ ಇಲ್ಲಿ ಸಿಟಿ ಬಸ್ಸುಗಳಿಗೆ ಮಿತ್ರ ಅಂತ ಐಟಿಎಸ್, ಅಂದರೆ ಬಸ್ಸು ಎಲ್ಲಿದೆ ಅಂತ ಹೇಳೋ ವ್ಯವಸ್ಥೆ, ತಂದಿತ್ತು. ಸ್ಟಾಪ್‌ನಲ್ಲಿ ಕೆಂಪು ಅಕ್ಷರದ ಬೋರ್ಡು, ಬಸ್ಸು ಎಷ್ಟು ಹೊತ್ತಿಗೆ ಅಂತ. ನಾನು ಆಗ ಕಾಲೇಜು. ಬಸ್ಸು ಹೋದರೂ ಪರವಾಗಿಲ್ಲ ಅಂತ ಬೋರ್ಡು ನೋಡ್ತಾ ನಿಲ್ತಿದ್ವಿ. ಬೆಂಗಳೂರಿಗೆ ಐಟಿಎಸ್ ಬಂದಿದ್ದು 2016ರಲ್ಲಿ, "ನಮ್ಮ ಬಿಎಂಟಿಸಿ" ಅನ್ನೋ ಆ್ಯಪ್ 2023ರಲ್ಲಿ. ಲೇಟ್ ಲತೀಫರು.

---

ರಾಗಿಮುದ್ದೆ_404

ಮೈಸೂರಿನಲ್ಲಿ ಬಸ್ಸು ತಪ್ಪಿದರೆ ನಡ್ಕೊಂಡೇ ಹೋಗಬಹುದು, ಅದಕ್ಕೇ ಆರಾಮ. ಬೆಂಗಳೂರಿನಲ್ಲಿ 500ಡಿ ಬಸ್ಸು ತಪ್ಪಿದರೆ ಕೆಲಸ ತಪ್ಪುತ್ತೆ.

---

ಕುಡ್ಲ_ಕಿಟ್ಟ

ನಮ್ಮ ಮಂಗಳೂರಲ್ಲಿ ಎಪಿಐ ಬೇಡ ಮಾರಾಯ್ರೆ. ಎರಡು ಸ್ಟಾಪ್ ಆಚೆಯಿಂದಲೇ ಹಾರ್ನ್ ಕೇಳ್ತದೆ. ಹತ್ತಿರ ಬಂದ ಕೂಡಲೇ ಕಂಡಕ್ಟರ್ "ಸ್ಟೇಟ್ ಬ್ಯಾಂಕ್ ಸ್ಟೇಟ್ ಬ್ಯಾಂಕ್" ಅಂತ ಬ್ರಾಡ್‌ಕಾಸ್ಟ್ ಮಾಡ್ತಾನೆ. ಕೀ ಬೇಡ, ಮಿತಿ ಇಲ್ಲ.

---

ಕಂಡಕ್ಟರ್_ಮಗ

ನಗು ಬಂತು ಕಿಟ್ಟಣ್ಣ. ಆದರೆ ಒಂದು ಗಂಭೀರ ವಿಷಯ ಹೇಳಬೇಕು. ಎಲ್ಲರೂ ಡೇಟಾ ಬೆಲೆ ಮಾತಾಡ್ತಿದ್ದೀರಿ, ಡೇಟಾ ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲ.

ನಮ್ಮಪ್ಪ ಮೂವತ್ತು ವರ್ಷ ಕಂಡಕ್ಟರ್. ಬೆಳಗ್ಗೆ ಡಿಪೋದಲ್ಲಿ ಆಗೋದು ಹೀಗೆ. ಶೆಡ್ಯೂಲ್ ಪ್ರಕಾರ ಒಂದು ಬಸ್ಸು ಹೋಗಬೇಕು. ಅದರ ಬ್ರೇಕ್ ಸರಿ ಇಲ್ಲ ಅಂತ ಡ್ರೈವರ್ ಹೇಳ್ತಾನೆ. ಪಕ್ಕದಲ್ಲಿ ನಿಂತ ಬೇರೆ ಗಾಡಿ ತಗೊಂಡು ಹೋಗ್ತಾರೆ. ಜಿಪಿಎಸ್ ಪೆಟ್ಟಿಗೆ ಗಾಡಿಗೆ ಅಂಟಿಕೊಂಡಿರುತ್ತೆ, ರೂಟಿಗಲ್ಲ. ಈ ಬದಲಾವಣೆಯನ್ನ ಯಾರಾದರೂ ಕಂಪ್ಯೂಟರ್‌ನಲ್ಲಿ ಹಾಕಬೇಕು. ಆ ಹೊತ್ತಿನಲ್ಲಿ ನಲವತ್ತು ಬಸ್ಸು ಗೇಟ್ ಹತ್ತಿರ ನಿಂತಿರುತ್ತೆ, ಅಲ್ಲಿರೋದು ಒಬ್ಬರೋ ಇಬ್ಬರೋ. ಹಾಕದಿದ್ದರೆ ನಿಮ್ಮ ಆ್ಯಪ್‌ನಲ್ಲಿ ರಿಪೇರಿಗೆ ನಿಂತ ಬಸ್ಸು ಇನ್ನೂ ಡಿಪೋದಲ್ಲೇ ಕಾಣುತ್ತೆ. ನಿಜವಾಗಿ ಬರ್ತಾ ಇರೋ ಬಸ್ಸು ಕಾಣೋದೇ ಇಲ್ಲ. ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಸಿಕ್ಕಿ ಒಂದು ಟ್ರಿಪ್ ಕಟ್ ಆದರೆ ಅದೂ ಅಷ್ಟೇ. ವೇಳಾಪಟ್ಟಿಯಲ್ಲಿ ಇದೆ, ರಸ್ತೆಯಲ್ಲಿ ಇಲ್ಲ.

ಈಗ ಹೇಳಿ. ಪುಕ್ಕಟೆ ಕೊಟ್ಟ ಡೇಟಾ ತಪ್ಪಿದ್ದರೆ ನೀವು ಯಾರ ಕಾಲರ್ ಹಿಡೀತೀರಿ? ದುಡ್ಡು ಕೊಟ್ಟರೆ ಕೇಳೋ ಹಕ್ಕಾದರೂ ಬರುತ್ತೆ. ನನಗೆ ಮೀಟರ್ ಇಷ್ಟ ಇಲ್ಲ. ಆದರೆ ಡಿಪೋದಲ್ಲಿ ಆ ಒಬ್ಬ ಮನುಷ್ಯನ ಸಂಬಳ ಯಾರು ಕೊಡ್ತಾರೆ ಅನ್ನೋ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

---

ಸ್ಟಾಪ್‌ನಲ್ಲಿ_ಸೀನ

ಇದು ನನಗೆ ಗೊತ್ತೇ ಇರಲಿಲ್ಲ. "ದೆವ್ವದ ಬಸ್" ಅಂತ ನನಗೆ ವಾರಕ್ಕೆ ಹತ್ತು ದೂರು ಬರುತ್ತೆ. ಆ್ಯಪ್‌ನಲ್ಲಿ ಇದೆ, ಸ್ಟಾಪ್‌ಗೆ ಬರಲೇ ಇಲ್ಲ ಅಂತ. ನಾನು ನನ್ನ ಕೋಡ್ ತಪ್ಪು ಅಂತ ಎಷ್ಟು ರಾತ್ರಿ ಹುಡುಕಿದ್ದೀನಿ!

---

ಸರ್ವರ್_ಸಾವಿತ್ರಿ

ಕಂಡಕ್ಟರ್ ಮಗನ ಮಾತು ಸರಿ. ಆದರೆ ದುಡ್ಡು ಕಂಪನಿಗೆ ಹೋಗ್ತಿದೆ, ಡಿಪೋಗಲ್ಲ. ಸೀನ 95 ಸಾವಿರ ಕಟ್ಟಿದರೂ ಆ ಮನುಷ್ಯನಿಗೆ ಒಂದು ಕಾಫಿನೂ ಬರಲ್ಲ. ಉಲ್ಟಾ, ತಪ್ಪು ಎಲ್ಲಿದೆ ಅಂತ ಮೊದಲು ಗೊತ್ತಾಗೋದು ಸೀನ ಅವರಂಥವರಿಗೆ. ವಾರಕ್ಕೆ ಹತ್ತು ದೂರು! ಅದನ್ನ ತಿರುಗಿ ಡಿಪೋಗೆ ತಲುಪಿಸಿದರೆ ಯಾರು ಯಾರಿಗೆ ದುಡ್ಡು ಕೊಡಬೇಕು?

---

ಹುಬ್ಬಳ್ಳಿ_ಗಿರ್ಮಿಟ್

ನನಗ ಒಂದು ಅರ್ಥ ಆಗವಲ್ದು. ಗೂಗಲ್ ಮ್ಯಾಪ್‌ನಲ್ಲಿ ಬಸ್ ಟೈಮ್ ತೋರಿಸ್ತಾರಲ್ರೀ, ಅವರು ಎಷ್ಟು ಕೊಡ್ತಾರೆ?

---

ಹಳೇ_ಕೋಡು

ಸಾಮಾನ್ಯವಾಗಿ ಸೊನ್ನೆ. ಸಾರಿಗೆ ಸಂಸ್ಥೆಯವರೇ ತಮ್ಮ ಫೀಡ್ ತಯಾರು ಮಾಡಿ ಗೂಗಲ್‌ಗೆ ಪುಕ್ಕಟೆ ಕೊಡ್ತಾರೆ. ಜನ ಅಲ್ಲೇ ನೋಡೋದು, ಹಾಗಾಗಿ ಅಲ್ಲಿ ಕಾಣದಿದ್ದರೆ ಸಂಸ್ಥೆಗೇ ನಷ್ಟ.

---

ಹುಬ್ಬಳ್ಳಿ_ಗಿರ್ಮಿಟ್

ಅಂದರೆ ಆನೆಗೆ ಪುಕ್ಕಟೆ, ಇರುವೆಗೆ ಮೀಟರ್. ಭೇಷ್!

---

ಸ್ಟುಟ್‌ಗಾರ್ಟ್_ಶೆಟ್ರು

ಗಿರ್ಮಿಟ್ ಅವರ ಪ್ರಶ್ನೆಯೇ ಮೀಟರ್ ಪರ ಇರೋವರ ಒಳ್ಳೇ ವಾದ ಕೂಡ. ಇಲ್ಲಿ ಯುರೋಪಿನಲ್ಲಿ 2017ರ ಒಂದು ನಿಯಮ ಇದೆ. ಪ್ರಯಾಣ ಮಾಹಿತಿಯನ್ನ ಎಲ್ಲರಿಗೂ ಒಂದೇ ಕಡೆ ಸಿಗೋ ಹಾಗೆ ಇಡಬೇಕು, ದುಡ್ಡು ಕೇಳಿದರೂ ಅದು ಖರ್ಚಿಗೆ ತಕ್ಕ ಹಾಗೆ ಇರಬೇಕು ಅಂತ. ಆಮೇಲೆ 2019ರ ಓಪನ್ ಡೇಟಾ ನಿರ್ದೇಶನ ಬಂತು. ಸರ್ಕಾರಿ ಮಾಹಿತಿ ಮೂಲತಃ ಉಚಿತ, ಕೇಳಿದರೆ ಹಂಚೋ ಖರ್ಚು ಮಾತ್ರ ಅಂತ. ಆದರೆ ಸಾರಿಗೆಯಂಥ ಸಾರ್ವಜನಿಕ ಉದ್ದಿಮೆಗಳಿಗೆ ಅದರಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ, ಅವರು ಜಾಸ್ತಿ ಕೇಳಬಹುದು. ದೊಡ್ಡ ಕಂಪನಿ ದಿನಕ್ಕೆ ಕೋಟಿಗಟ್ಟಲೆ ಕಾಲ್ ಮಾಡಿದರೆ ಅದಕ್ಕೂ ಪುಕ್ಕಟೆ ಕೊಡಬೇಕಾ ಅನ್ನೋ ಭಯ ಅವರಿಗೆ.

ನನ್ನ ಲೆಕ್ಕದಲ್ಲಿ ಮೀಟರ್ ಇರಲಿ, ಆದರೆ ಬಹಳ ಮೇಲಿಂದ ಶುರು ಆಗಲಿ. ಒಂದು ಲಕ್ಷ ಕಾಲ್ ಅಂದರೆ ಸೀನ ಅವರಿಗೆ ಅರ್ಧ ದಿನಕ್ಕೂ ಸಾಲಲ್ಲ. ಅದು ಉಚಿತ ಅಲ್ಲ, ಮದುವೆ ಮನೆ ಬಾಗಿಲಲ್ಲಿ ಕೊಡೋ ಕಲ್ಲುಸಕ್ಕರೆ.

---

ಡಬ್ಬಿಂಗ್_ದಾಸಪ್ಪ

ಸರ್ಕಾರ ಡೇಟಾ ಮಾರೋದು ಹೊಸದೇನಲ್ಲ. 2019ರಲ್ಲಿ ಕೇಂದ್ರದ ಸಾರಿಗೆ ಇಲಾಖೆ ವಾಹನ್, ಸಾರಥಿ, ಅಂದರೆ ಗಾಡಿ ನೋಂದಣಿ ಮತ್ತು ಲೈಸೆನ್ಸ್, ಡೇಟಾ ಮಾರೋಕೆ ನೀತಿ ತಂದಿತ್ತು. ಕಂಪನಿಗೆ ವರ್ಷಕ್ಕೆ 3 ಕೋಟಿ, ಓದೋ ಸಂಸ್ಥೆಗೆ 5 ಲಕ್ಷ. ಮರುವರ್ಷ ವಾಪಸ್ ತಗೊಂಡರು.

---

ಲೆಕ್ಕದ_ಮೇಷ್ಟ್ರು

ದಾಸಪ್ಪನವರೇ, ಅದನ್ನ ಇದಕ್ಕೆ ಕಟ್ಟಬೇಡಿ. ವಾಪಸ್ ತಗೊಂಡಿದ್ದು ಖಾಸಗಿತನದ ಚಿಂತೆಯಿಂದ. ಅದು ಜನರ ಗಾಡಿ, ಜನರ ಲೈಸೆನ್ಸ್. ಇದು ಬಸ್ಸು. ಬಸ್ಸಿಗೇನು ಮಾನ ಮರ್ಯಾದೆ ಹೋಗಲ್ಲ. ಆದರೆ ಒಂದು ಗಮನಿಸಿ, ಅಲ್ಲಿ ವರ್ಷಕ್ಕೆ ಇಷ್ಟು ಅಂತ ಗೊತ್ತಿತ್ತು. ಬಜೆಟ್ ಮಾಡಬಹುದಿತ್ತು. ಮೀಟರ್‌ನಲ್ಲಿ ಮಳೆ ಬಂದ ದಿನ ಬಿಲ್ ಏರುತ್ತೆ. ಎಲ್ಲರೂ ಬಸ್ಸು ಎಲ್ಲಿ ಅಂತ ನೋಡೋದು ಅವತ್ತೇ.

---

ನಿದ್ದೆಗೆಟ್ಟ_ನಾಗ

ಅದು ನಿಜ ಕಣ್ರೀ. ಬಸ್ಸು ತಡ ಆದಷ್ಟೂ ಜನ ಜಾಸ್ತಿ ಹೊತ್ತು ನೋಡ್ತಾರೆ, ಬಿಲ್ ಜಾಸ್ತಿ. ಬಸ್ಸು ತಡ ಮಾಡಿದ್ದು ಅವರು, ದಂಡ ಕಟ್ಟೋದು ಸೀನ.

---

ಮಲ್ಲೇಶ್ವರದ_ಮೂರ್ತಿ

ಸರಿ, ಇದೊಂದು ಒಪ್ಪಿದೆ. ಯೂನಿಟ್ ಲೆಕ್ಕ ನ್ಯಾಯ ಆಗಬೇಕಾದರೆ ಯೂನಿಟ್ ನನ್ನ ಕೈಲಿರಬೇಕು. ಫ್ಯಾನ್ ಆಫ್ ಮಾಡೋದು ನನ್ನ ಕೈಲಿದೆ, ಬಸ್ಸನ್ನ ಬೇಗ ಕರೆಸೋದು ಸೀನನ ಕೈಲಿಲ್ಲ. ವರ್ಷಕ್ಕೆ ಇಷ್ಟು ಅಂತ ಒಂದು ಸಣ್ಣ ಮೊತ್ತ ಇಡಲಿ. ಪುಕ್ಕಟೆ ಮಾತ್ರ ನಾನು ಒಪ್ಪಲ್ಲ.

---

ಅಜ್ಞಾತ_ಅಣ್ಣ

ದುಡ್ಡು ಕೇಳಿದರೆ ಜನ ಕದೀತಾರೆ ಅಷ್ಟೇ. ಅಧಿಕೃತ ಆ್ಯಪ್ ಏನು ಕೇಳುತ್ತೋ ಅದನ್ನೇ ಸ್ಕ್ರಿಪ್ಟ್ ಬರೆದು ಕೇಳೋದು. ಸರ್ವರ್ ಮೇಲೆ ಭಾರ ಡಬಲ್. ಬಿಎಂಟಿಸಿ ರೂಟುಗಳ ಜಿಟಿಎಫ್‌ಎಸ್ ಹವ್ಯಾಸಿಗಳು ತಾವೇ ಕಟ್ಟಿ ಕೋಡ್ ಹಂಚೋ ತಾಣ ಗಿಟ್‌ಹಬ್‌ನಲ್ಲಿ ಇಟ್ಟಿಲ್ವಾ? ಜನಕ್ಕೆ ಬೇಕಿರೋದನ್ನ ತಡೆಯೋಕೆ ಆಗಲ್ಲ.

---

ಸರ್ವರ್_ಸಾವಿತ್ರಿ

ಸ್ಕ್ರೇಪ್ ಮಾಡಿ, ಅಂದರೆ ಹೀಗೆ ಸ್ಕ್ರಿಪ್ಟ್ ಬರೆದು ಡೇಟಾ ಎತ್ಕೊಳ್ಳಿ, ಅಂತ ಇಲ್ಲಿ ಹೇಳಿಕೊಡಬೇಡಿ. 4,000 ಜನ ನಂಬಿರೋ ಆ್ಯಪ್ ಅದು, ಒಂದು ದಿನ ಬಾಗಿಲು ಮುಚ್ಚಿದರೆ ಅಮ್ಮಂದಿರು ಸ್ಟಾಪ್‌ನಲ್ಲಿ ನಿಂತಿರ್ತಾರೆ.

ಸೀನ ಅವರೇ, ಒಂದು ಕೇಳೋದು ಮರೆತೆ. ಷರತ್ತು ಓದಿದ್ದೀರಾ? ಡೇಟಾ ನಿಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದಾ?

---

ಸ್ಟಾಪ್‌ನಲ್ಲಿ_ಸೀನ · ಬುಧವಾರ ರಾತ್ರಿ 11:15

ಓದಿದೆ. ಹದಿನಾಲ್ಕನೇ ಪುಟದಲ್ಲಿ ಇದೆ. "ಪಡೆದ ಮಾಹಿತಿಯನ್ನು ಸಂಗ್ರಹಿಸುವಂತಿಲ್ಲ, ಮರುಹಂಚುವಂತಿಲ್ಲ." ಎಷ್ಟು ಹೊತ್ತು ಅಂತ ಇಲ್ಲ.

---

ಲೆಕ್ಕದ_ಮೇಷ್ಟ್ರು

ಆಯ್ತಲ್ಲ! ದರ 15 ರೂಪಾಯಿ ಅಂತ ನಾವೆಲ್ಲ ಕಿತ್ತಾಡ್ತಿದ್ವಿ. ಬೆಲೆ ಇರೋದು ಹದಿನಾಲ್ಕನೇ ಪುಟದಲ್ಲಿ. ಒಂದು ಸಲ ತಂದು ಹತ್ತು ಜನಕ್ಕೆ ಬಡಿಸಬಾರದು ಅಂದರೆ ಹತ್ತು ಸಲ ತರಲೇಬೇಕು.

---

ಲಂಡನ್_ಲಕ್ಷ್ಮಿ

ಸುಮ್ನೆ ಊಹೆ ಮಾಡಬೇಡಿ, ಬರೆದು ಕೇಳಿ. "ಒಂದೇ ಸ್ಟಾಪ್‌ನ ಉತ್ತರವನ್ನು 30 ಸೆಕೆಂಡ್ ಇಟ್ಟುಕೊಳ್ಳಬಹುದೇ" ಅಂತ ನೇರವಾಗಿ. ಎಷ್ಟೋ ಸಲ ಆ ಸಾಲು ವಕೀಲರು ಎಲ್ಲಿಂದಲೋ ನಕಲು ಮಾಡಿ ಹಾಕಿರ್ತಾರೆ.

---

ಸ್ಟಾಪ್‌ನಲ್ಲಿ_ಸೀನ · ಮುಂದಿನ ಮಂಗಳವಾರ

ಉತ್ತರ ಬಂತು, ಇಲ್ಲಿ ಹಾಕ್ತಿದ್ದೀನಿ.

30 ಸೆಕೆಂಡ್ ಇಟ್ಟುಕೊಳ್ಳಬಹುದು, ಆಕ್ಷೇಪ ಇಲ್ಲ ಅಂದರು. ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ಪೂರ್ತಿ ಫೀಡ್ ಬೇಕಾದರೆ "ಮಾತಾಡೋಣ" ಅಂದರು. ಮಾತಾಡೋಣ ಅಂದರೆ ಏನರ್ಥ ಅಂತ ನಿಮಗೆಲ್ಲ ಗೊತ್ತು. ದಿನದ ಗರಿಷ್ಠ ಮಿತಿ ಇಡ್ತಾರಂತೆ, ನಾಗ ಅವರಿಗೆ ಥ್ಯಾಂಕ್ಸ್.

ವಾರಾಂತ್ಯ ಕೂತು ಸಣ್ಣ ಸರ್ವರ್ ಮಾಡಿದೆ. ಕೀ ಆ್ಯಪ್‌ನಿಂದ ಹೊರಗೆ ತೆಗೆದೆ. ಒಂದೇ ಸ್ಟಾಪ್ ನೋಡೋರಿಗೆಲ್ಲ ಒಂದೇ ಉತ್ತರ. ದಿನಕ್ಕೆ 2,16,000 ಇದ್ದದ್ದು 71,000ಕ್ಕೆ ಬಂತು. ಆಮೇಲೆ ಇನ್ನೊಂದು ಹೊಳೀತು. ಬಸ್ಸು 25 ನಿಮಿಷ ದೂರ ಇದ್ದಾಗ 20 ಸೆಕೆಂಡಿಗೊಮ್ಮೆ ಯಾಕೆ ಕೇಳಬೇಕು? ದೂರ ಇದ್ದರೆ ನಿಧಾನಕ್ಕೆ, ಹತ್ತಿರ ಬಂದಾಗ ಮಾತ್ರ ಬೇಗ ಬೇಗ ಕೇಳೋ ಹಾಗೆ ಮಾಡಿದೆ. ಈಗ 38,000. ತಿಂಗಳಿಗೆ 15,600 ರೂಪಾಯಿ.

ಅದೂ ನನಗೆ ಜಾಸ್ತಿನೇ. ಆ್ಯಪ್‌ನಲ್ಲಿ ಒಂದು ಚೀಟಿ ಹಾಕಿದ್ದೀನಿ, ಲೆಕ್ಕ ಸಮೇತ. ಮೂರು ದಿನಕ್ಕೆ 6,140 ಬಂದಿದೆ. ಒಬ್ಬರು 500 ಹಾಕಿ "ದೆವ್ವದ ಬಸ್ ಸರಿ ಮಾಡಿ" ಅಂತ ಬರೆದಿದ್ದಾರೆ. ಕಂಡಕ್ಟರ್ ಮಗನಿಗೆ ಪ್ರತ್ಯೇಕ ಮೆಸೇಜ್ ಮಾಡಿದ್ದೀನಿ, ದೂರುಗಳ ಪಟ್ಟಿ ಯಾರಿಗೆ ತಲುಪಿಸಬೇಕು ಅಂತ ಹೇಳಿ.

---

ಮಲ್ಲೇಶ್ವರದ_ಮೂರ್ತಿ

200 ಹಾಕಿದ್ದೀನಿ. ಪುಕ್ಕಟೆ ಒಪ್ಪಲ್ಲ ಅಂದಮೇಲೆ ನಾನೂ ಕೊಡಬೇಕಲ್ಲ.

---

ರಾಗಿಮುದ್ದೆ_404

ಅಮ್ಮ ಏನಂತಾರೆ ಸೀನಣ್ಣ, ಹೊಸ ವರ್ಷನ್‌ಗೆ?

---

ಸ್ಟಾಪ್‌ನಲ್ಲಿ_ಸೀನ

ಅದನ್ನ ಕೇಳಬೇಡಿ. ಅಮ್ಮ ಎರಡು ತಿಂಗಳಿಂದ ಆ್ಯಪ್ ತೆಗೆದೇ ಇಲ್ಲ ಅಂತ ಭಾನುವಾರ ಗೊತ್ತಾಯ್ತು. ಅವರ ಗೆಳತಿ ಎರಡು ಸ್ಟಾಪ್ ಹಿಂದೆ ಅದೇ ಬಸ್ಸು ಹತ್ತುತ್ತಾರೆ. ಹತ್ತಿದ ಕೂಡಲೇ ಅಮ್ಮನಿಗೆ ಒಂದು ಮಿಸ್ಡ್ ಕಾಲ್ ಕೊಡ್ತಾರೆ. ಅಮ್ಮ ಚಪ್ಪಲಿ ಹಾಕ್ಕೊಂಡು ಹೊರಡ್ತಾರೆ.

---

ಕುಡ್ಲ_ಕಿಟ್ಟ

ಕಾಲ್‌ಗೆ ಎಷ್ಟು ಮಾರಾಯ್ರೆ? ಮಿತಿ ಉಂಟಾ?

---

ಸ್ಟಾಪ್‌ನಲ್ಲಿ_ಸೀನ

ದಿನಕ್ಕೆ ಒಂದು. ಭಾನುವಾರ ಸರ್ವರ್ ರಜೆ. ಸೀಟು ಹಿಡಿದಿಟ್ಟರೆ ಮಾತ್ರ ತಿಂಗಳಿಗೊಂದು ಡಬ್ಬಿ ಚಕ್ಕುಲಿ ಕೊಡಬೇಕಂತೆ.